ಐದು ಮಕ್ಕಳ ಸೀಸೆ

ಮಲ್ಲಾಜಮ್ಮನಿಗೆ ಏನನ್ನಾದರೂ ಎಸೆಯುವುದೆಂದರೆ ಕೈ ಬಾರದು. ಅಕ್ಕಿ ಕೇರಿದ ಮೇಲೆ ಮೊರದಲ್ಲಿ ಉಳಿದ ನುಚ್ಚನ್ನೂ ಕೋಳಿಗೆ ಚೆಲ್ಲದೆ ಗಂಜಿಗೆ ಸೇರಿಸುವ ಹೆಂಗಸು. ಪಿರಿಯಾಪಟ್ಟಣದಿಂದ ಆರು ಮೈಲಿ ಒಳಗಿದ್ದ ಆ ಊರಿನಲ್ಲಿ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು, ಈಗ ನಾಲ್ಕೈದು ವರ್ಷದಿಂದ ನರ್ಸ್ ಸುನಂದಮ್ಮನ ಬಲಗೈಯಾಗಿದ್ದಳು. ತಿಂಗಳ ಎರಡನೇ ಗುರುವಾರ ಸುನಂದಮ್ಮ ಲಸಿಕೆಯ ನೀಲಿ ಐಸ್ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಬಸ್ಸಿಳಿಯುವಷ್ಟರಲ್ಲಿ ಮಲ್ಲಾಜಮ್ಮ ಕೇರಿ ಕೇರಿ ಸುತ್ತಿ, ಕೂಸುಗಳನ್ನೂ ತಾಯಂದಿರನ್ನೂ ಅಂಗನವಾಡಿಯ ಜಗಲಿಗೆ ತಂದು ಕೂರಿಸಿರುತ್ತಿದ್ದಳು.

ದಡಾರದ ಸೂಜಿಗೆ ಮಾತ್ರ ಒಂದು ಕಟ್ಟಳೆಯಿತ್ತು. ಒಂದು ಸೀಸೆಯಲ್ಲಿ ಐದು ಮಕ್ಕಳಿಗಾಗುವಷ್ಟು ಮದ್ದು. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದು ಮಣ್ಣುಪಾಲು. ಆಸ್ಪತ್ರೆಯ ಮೀಟಿಂಗಿನಲ್ಲಿ ಮದ್ದು ದಂಡ ಮಾಡಿದ ನರ್ಸುಗಳ ಹೆಸರನ್ನು ಎಲ್ಲರೆದುರು ಓದುತ್ತಿದ್ದರು. ಹಾಗಾಗಿ ಒಂಬತ್ತು ತಿಂಗಳು ತುಂಬಿದ ಐದು ಮಕ್ಕಳು ಸೇರುವ ತನಕ ಸುನಂದಮ್ಮ ಸೀಸೆ ತೆರೆಯುತ್ತಿರಲಿಲ್ಲ. ಐದನ್ನು ಕೂಡಿಸುವುದು ಮಲ್ಲಾಜಮ್ಮನ ಕೆಲಸ. "ನಮ್ಮೂರಲ್ಲಿ ಒಂದು ತೊಟ್ಟೂ ದಂಡ ಆಗಿಲ್ಲ ಕಣ್ರೀ" ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುವಾಗ ಸೆರಗು ತಾನಾಗಿ ಸರಿಹೋಗುತ್ತಿತ್ತು.

ತೊಂಬತ್ತಾರರ ಡಿಸೆಂಬರಿನ ಆ ಗುರುವಾರ ಎಲ್ಲರಿಗಿಂತ ಮುಂಚೆ ಬಂದವಳು ಪುಟ್ಟಲಕ್ಷ್ಮಿ. ಕಂಕುಳಲ್ಲಿ ಹತ್ತು ತಿಂಗಳ ಪುಟ್ಟಿ. ಇವಳ ಗಂಡ ಮಾದೇಶ ಶಿವನಂಜಪ್ಪನವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕುವ ಆಳು. ಬ್ಯಾರನ್ನಿನ ಮಗ್ಗುಲಿಗೇ ಗುಡಿಸಲು. ಕೋಟೆ ತಾಲ್ಲೂಕಿನ ಕಡೆಯಿಂದ ಬಂದವರು, ಊರ ಪಟ್ಟಿಯಲ್ಲಿ ಹೆಸರಿಲ್ಲ. ಪುಟ್ಟಿಯ ಹೆರಿಗೆ ಮಾಡಿಸಿದ ಮಲ್ಲಾಜಮ್ಮನೇ ಹಟ ಹಿಡಿದು, ನರ್ಸಿನ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಅದರ ಹೆಸರು ಬರೆಸಿದ್ದಳು.

ಹನ್ನೊಂದಾದರೂ ಬೇರೆ ಯಾರೂ ಬರಲಿಲ್ಲ. ಒಂದು ಕೂಸಿಗೆ ಜ್ವರ, ಇನ್ನೊಂದರ ತಾಯಿ ತವರಿಗೆ ಹೋಗಿದ್ದಳು. ಮಲ್ಲಾಜಮ್ಮ ಮತ್ತೆ ಹೊರಟು ಸಿದ್ದಲಿಂಗಮ್ಮನ ತೊಟ್ಟಿಮನೆಯ ಬಾಗಿಲಿಗೆ ನಿಂತಳು.

"ಏನ್ ಮಲ್ಲಾಜಿ, ಕೂಸ್ ಹಿಡಿಯೋ ಗುಮ್ಮ ಬಂದಂಗೆ ಬಂದ್ಯಲ್ಲ?"

"ಗುಮ್ಮನೇ ಸೈ. ನಿಮ್ಮ ಮೊಮ್ಮಗನ್ನ ಎತ್ಕೊಡಿ ಇತ್ಲಾಗೆ."

"ಅವನಿಗೆ ನೆಗಡಿ ಕಣೆ. ಅಲ್ದೆ ನಮ್ಮ ಸೊಸೆ ಸುಧಾ ಹುಣಸೂರಲ್ಲಿ ಡಾಕ್ಟರತ್ರಾನೇ ಹಾಕುಸ್ತೀನಿ ಅಂದವಳೆ. ಆ ಬ್ಯಾರನ್ನಿನೋರ ಜೊತೆ ಒಂದೇ ಸೂಜೀಲಿ ಚುಚ್ಚುಸಾಕಾದದಾ?"

"ಒಬ್ಬೊಬ್ರಿಗೂ ಬ್ಯಾರೆ ಸೂಜಿ ಕಣ್ರವ್ವ. ಕುದುಸಿರ್ತಾರೆ."

"ಆಯ್ತು ಬುಡು, ನಿಂಗೆಲ್ಲ ಗೊತ್ತು. ಎಲೆಅಡಿಕೆ ಹಾಕ್ಕಂಡು ಹೋಗು."

ಎಲೆಅಡಿಕೆ ಮುಟ್ಟದೆ ಹೊರಟಳು. ಕೆಳಗಿನ ಕೇರಿಯಿಂದ ಒಂದೇ ಒಂದು ಕೂಸು ಸಿಕ್ಕಿತು. ಅಲ್ಲಿಗೆ ಎರಡಾಯಿತು.

ಪುಟ್ಟಲಕ್ಷ್ಮಿ ಜಗಲಿಯ ಆಚೆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಒಳಗೆ ಸುನಂದಮ್ಮ ಡಬ್ಬಿಯಿಂದ ಸೀಸೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದರು. "ಇಬ್ಬರೇ. ಅದರಲ್ಲೂ ಈ ಮಗು ಬ್ಯಾರನ್ ಮನೇದು. ಎಲ್ಲಿಗಾದರೂ ಹೊರಟುಬಿಟ್ಟರೆ? ಇವರ ಸಂಗತಿ ನಿಮಗೆ ಗೊತ್ತು. ಹೇಳಿ ಮಲ್ಲಾಜಮ್ಮ, ತೆಗೀಲಾ?"

ಮಲ್ಲಾಜಮ್ಮ ಆ ಬೆರಳುದ್ದದ ಸೀಸೆಯನ್ನು ನೋಡಿದಳು. ಮೂರು ಮಕ್ಕಳ ಮದ್ದು ಗುಂಡಿಗೆ ಹೋಗುವುದು ಕಣ್ಣಿಗೆ ಕಟ್ಟಿತು.

"ಬ್ಯಾಡ ಬುಡಿ ಸಿಸ್ಟರ್. ಇವರು ಕಾಫಿ ಕುಯ್ಯಾಕೆ ಕೊಡಗಿಗೆ ಹೋಗೋದು ಸಂಕ್ರಾಂತಿ ಕಳುದ್ ಮ್ಯಾಲೆ. ಮುಂದಿನ ತಿಂಗಳು ಐದೂ ಕೂಡುಸೇ ಕೂಡುಸ್ತೀನಿ."

ಸೀಸೆ ಡಬ್ಬಿಯೊಳಕ್ಕೆ ಹೋಯಿತು. ಮಲ್ಲಾಜಮ್ಮ ಹೊರಗೆ ಬಂದು, "ಇವತ್ತಿಲ್ಲ ಕಣವ್ವ, ಬರೋ ತಿಂಗಳು" ಎಂದಳು.

"ಕೆಲ್ಸ ಬುಟ್ಟು ಬಂದಿದ್ದೆ ಅಮ್ಮ" ಎಂದಳು ಪುಟ್ಟಲಕ್ಷ್ಮಿ. ಅಷ್ಟೇ ಹೇಳಿ ಮಗುವನ್ನೆತ್ತಿಕೊಂಡು ಹೊಲದ ಕಡೆ ನಡೆದಳು.

ಮುಂದಿನ ಬುಧವಾರ ಮಲ್ಲಾಜಮ್ಮ ಆ ದಾರಿಯಾಗಿ ಹೋದಾಗ ಗುಡಿಸಲಿನ ಬಾಗಿಲಿಗೆ ತಟ್ಟಿ ಕಟ್ಟಿತ್ತು. ಹೊರಗಿನ ಒಲೆ ತಣ್ಣಗಿತ್ತು. ಟೀ ಅಂಗಡಿ ಸಣ್ಣಬೀರಯ್ಯನ ಹತ್ತಿರ ಓಡಿ ಬಂದು ಕೇಳಿದಳು.

"ಮಾದೇಶನಾ? ಸ್ವಾಮಾರವೇ ಹೋದ್ರಲ್ಲ. ಈ ಸಲ ಕಾಫಿ ಹಣ್ಣು ಬ್ಯಾಗ ಬಂದದಂತೆ. ಎಸ್ಟೇಟ್ ಜೀಪು ಬಂದು ಕುರಿ ತುಂಬ್ದಂಗೆ ತುಂಬ್ಕಂಡು ಹೋಯ್ತು."

"ಯಾವ ಎಸ್ಟೇಟ್ಲಾ?"

"ಜೀಪಿಗೆ ಬಾಯಿದ್ದಿದ್ರೆ ಕೇಳ್ತಿದ್ದೆ. ಕೊಡಗು ಅಂದ್ರೆ ನಿನ್ನ ಹಿತ್ಲು ಅಂದ್ಕಂಡ್ಯಾ?" ಎಂದು ನಕ್ಕವನು ಅವಳ ಮುಖ ನೋಡಿ, "ಯಾಕಮ್ಮ, ಏನಾರ ಕೊಡಬೇಕಿತ್ತಾ?" ಎಂದ.

"ಊಂ ಕಣಪ್ಪ, ಕೊಡಬೇಕಿತ್ತು."

ಜನವರಿಯಲ್ಲಿ ಅವಳು ಮಾತು ಉಳಿಸಿಕೊಂಡಳು. ಐದು ಮಕ್ಕಳು ಸೇರಿದವು, ಸೀಸೆ ತೊಟ್ಟೂ ಉಳಿಯದಂತೆ ಮುಗಿಯಿತು. ಸುನಂದಮ್ಮ "ಶಹಭಾಸ್" ಅಂದರೂ ಮಲ್ಲಾಜಮ್ಮ ತಲೆ ಎತ್ತಲಿಲ್ಲ.

"ಕೊಡಗಿನ ನರ್ಸಮ್ಮನಿಗೆ ಪುಟ್ಟಿ ವಿಚಾರ ಒಂದು ಮಾತು ಹೇಳಾಕಾಗಕಿಲ್ವಾ ಸಿಸ್ಟರ್?"

"ಅದು ಬೇರೆ ಜಿಲ್ಲೆ. ಯಾವ ತೋಟ, ಕೂಲಿಯವರ ಯಾವ ಲೈನ್‌ಮನೆ ಅಂತ ಹೇಳಲಿ? ಇಲ್ಲಾದರೂ ಪೆನ್ಸಿಲ್ಲಿನಲ್ಲಿದ್ದಾರೆ. ಅಲ್ಲಿ ಅದೂ ಇರಲ್ಲ."

ಮಾರ್ಚಿನ ಗುರುವಾರ ಪುಟ್ಟಲಕ್ಷ್ಮಿ ತಾನಾಗಿಯೇ ಬಂದಳು. ಮಗು ಸೊರಗಿ, ತಲೆಯೊಂದೇ ದಪ್ಪಗೆ ಕಾಣುತ್ತಿತ್ತು. ಮಲ್ಲಾಜಮ್ಮ "ಪುಟ್ಟೀ" ಎಂದು ಕೈ ಚಾಚಿದಳು. ಮಗು ದನಿ ಬಂದ ಕಡೆಗೆ ಕಿವಿ ಕೊಟ್ಟಿತು, ಮುಖ ತಿರುಗಿಸಲಿಲ್ಲ. ಕಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗಿತ್ತು.

"ಲೈನ್‌ಮನೆ ಮಕ್ಕಳಿಗೆಲ್ಲ ದಡಾರ ಎದ್ಬುಟ್ಟು ಅಮ್ಮ. ಎಲ್ಡು ಕೂಸು ಹೋದ್ವು. ಅಮ್ಮ ಬಂದವಳೆ, ಮದ್ದು ತಾಕುಸ್ಬಾರ್ದು ಅಂದ್ರು. ಬೇವಿನ ಸೊಪ್ಪಿನ ಮ್ಯಾಲೆ ಮಲಗ್ಸಿದ್ವಿ. ಮೈಮ್ಯಾಲಿಂದೆಲ್ಲ ಇಳುದು ಕಣ್ಣಲ್ಲಿ ನಿಂತ್ಕತು." ಅವಳು ಮಗುವಿನ ತೋಳಿನ ಬಟ್ಟೆ ಮೇಲೆ ಸರಿಸಿದಳು. "ಅವತ್ತಿನ ಸೂಜಿ ಇವತ್ತು ಹಾಕ್ಬುಡಿ. ಹಾಕುದ್ರೆ ಕಾಣುಸ್ತದಲ್ವಾ?"

ಸುನಂದಮ್ಮ ರೆಪ್ಪೆ ಬಿಡಿಸಿ ನೋಡಿದರು. ಕಣ್ಣೆದುರು ಬೆರಳು ಆಡಿಸಿದರು. ಒಂದು ಚಮಚ ವಿಟಮಿನ್ ಎಣ್ಣೆ ಬಾಯಿಗೆ ಬಿಟ್ಟು ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದರು. "ನಾಳೆಯೇ ಹೋಗಿ. ಎಡಗಣ್ಣಲ್ಲಾದರೂ ಒಂಚೂರು ಬೆಳಕು ಉಳಿದಿದ್ದರೆ… ಆ ಸೂಜಿ ದಡಾರ ಬರುವುದಕ್ಕೆ ಮುಂಚೆ ಹಾಕಿಸೋದು ಕಣಮ್ಮ."

"ಮುಂಚೇನೇ ಬಂದಿದ್ನಲ್ಲ?"

ಸುನಂದಮ್ಮ ಪುಸ್ತಕದ ಮೇಲೆ ಬಗ್ಗಿದರು. ಮಲ್ಲಾಜಮ್ಮ ಬಾಯಿ ಬಿಡದಿದ್ದರೆ ತಪ್ಪೆಲ್ಲ ಆ ಬಗ್ಗಿದ ತಲೆಯ ಮೇಲೇ ಹೋಗಿ ಕೂರುತ್ತಿತ್ತು. ಅವಳಿಗೆ ಅದು ತಿಳಿಯಿತು. ಪುಟ್ಟಲಕ್ಷ್ಮಿಯ ಎದುರಿಗೆ ಬಂದು ಕೂತಳು.

"ಸಿಸ್ಟರು ಅವತ್ತು ತೆಗೀಲಾ ಅಂತ ಕೇಳುದ್ರು ಕಣವ್ವ. ಬ್ಯಾಡ ಅಂದೋಳು ನಾನು."

"ಯಾಕಮ್ಮ?"

"ಇಬ್ರೇ ಇದ್ರಿ. ಮೂವರ ಮದ್ದು ಎಸೀಬೇಕಾಗಿತ್ತು."

ಪುಟ್ಟಲಕ್ಷ್ಮಿ ಬಯ್ಯಲಿಲ್ಲ. ಕಾಣದ ಊರಿನಲ್ಲಿ ದಾರಿ ಕೇಳುವವಳ ಹಾಗೆ ಕೇಳಿದಳು. "ಎಸುದಿದ್ರೆ ಏನಾಯ್ತಿತ್ತು?"

ಮೀಟಿಂಗು, ಓದುವ ಹೆಸರುಗಳು, ನಾಲ್ಕು ಗಂಟೆಯ ಕಟ್ಟಳೆ, ಎಲ್ಲ ಮಲ್ಲಾಜಮ್ಮನ ನಾಲಿಗೆಯ ತನಕ ಬಂದು ಹಿಂದಕ್ಕೆ ಹೋದವು.

"ಏನೂ ಆಯ್ತಿರ್ಲಿಲ್ಲ ಕಣವ್ವ" ಎಂದಳು.