ನಲ್ಲಿಗೆ ಕಟ್ಟಿದ ಬಟ್ಟೆ

ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟದ್ದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಶನಿವಾರ ಮೂರರವರೆಗೆ ಬಾಗಿಲು ತೆಗೆಯುವಂತಿಲ್ಲ. ನೀರು ಪರೀಕ್ಷೆಯ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದ ನನಗೆ ಕಾಯುವುದು ಅಭ್ಯಾಸವಾಗಿರಬೇಕಿತ್ತು. ಆದರೂ ಶನಿವಾರ ಬೆಳಿಗ್ಗೆಯಿಂದ ನಾಲ್ಕು ಸಲ ಹೋಗಿ ತಾಪಮಾನ ನೋಡಿ ಬಂದಿದ್ದೆ.

"ಮೇಡಂ, ಕಾವಿಗೆ ಕೂತ ಕೋಳಿನೂ ಇಷ್ಟು ಸಲ ಎದ್ದು ನೋಡಲ್ಲ," ಎಂದ ಪ್ರಯೋಗಾಲಯದ ಅಟೆಂಡರ್.

ಒಳಗಿದ್ದದ್ದು ನಮ್ಮ ಚರ್ಚಿನ ನಲ್ಲಿಯ ನೀರು. ಚರ್ಚಿನ ಹಿಂದಿನ ಕೊಳವೆಬಾವಿಯಿಂದ ಬೀದಿಗೋಡೆಗೆ ಹಾಕಿಸಿದ ನಲ್ಲಿ ಅದು. ಒಂದು ಕಾಲಕ್ಕೆ ಮೇಲಿನ ಓಣಿಯವರೂ ಕೆಳಗಿನ ಓಣಿಯವರೂ ನೀರಿಗಾಗಿ ತಲೆ ಒಡೆದುಕೊಂಡವರು. ನಲ್ಲಿ ಹಾಕಿಸಿದ ಹಿಂದಿನ ಪಾದ್ರಿ ಒಂದೇ ನಿಯಮ ಮಾಡಿದರು: ಬಂದವರು ತಮ್ಮ ಕ್ಯಾನನ್ನು ಸಾಲಿನ ಕೊನೆಗಿಟ್ಟು, ಮೊದಲ ಕ್ಯಾನನ್ನು, ಅದು ಯಾರದೇ ಇರಲಿ, ತುಂಬಿಸಿ ಹೋಗಬೇಕು. ಕಾವಲು ನಿಲ್ಲಬಾರದು. ಮೊದಲ ತಿಂಗಳು ಎಲ್ಲರೂ ಕಿಟಕಿಯಿಂದಲೇ ತಂತಮ್ಮ ಕ್ಯಾನು ಕಾದರಂತೆ. ಆಮೇಲೆ ಅದು ಚಟದಂತೆ ಅಂಟಿಕೊಂಡಿತು. ದವಾಖಾನೆಯಲ್ಲಿ ಚಪ್ಪಲಿಯನ್ನು ಸಾಲಿಗಿಟ್ಟು ನೆರಳಲ್ಲಿ ಕೂರುವುದು, ಕ್ಷೌರದಂಗಡಿಯಲ್ಲಿ ಟೋಪಿ ಇಟ್ಟು ಬೇರೆ ಕೆಲಸ ಮುಗಿಸಿ ಬರುವುದು. ಚರ್ಚಿನ ಮೆಟ್ಟಿಲು ಹತ್ತದವರೂ ಹಾಗೇ ಮಾಡಿದರು.

ಹೋದ ವಾರ ಬೀದಿಯಲ್ಲಿ ಎರಡು ಮಕ್ಕಳಿಗೆ ಭೇದಿಯಾಯಿತು. ನಾನು ಸುಮ್ಮನಿರಲಾರದೆ ನಲ್ಲಿಯ ನೀರು ಪರೀಕ್ಷಿಸಿದೆ. ಪ್ಲೇಟಿನ ತುಂಬ ನೀಲಿ ಚುಕ್ಕೆ, ಮಲದ ಬ್ಯಾಕ್ಟೀರಿಯಾ. ಮಂಗಳವಾರ ಪಾದ್ರಿ ನಲ್ಲಿಗೆ ಬೀಗ ಹಾಕಿಸಿದರು. ಬುಧವಾರ ಟ್ಯಾಂಕರ್ ಬಂತು. ಅದರ ಪೈಪಿಗೆ ಸಾಲೂ ಇರಲಿಲ್ಲ, ನಿಯಮವೂ ಇರಲಿಲ್ಲ. ನೂಕಾಟದಲ್ಲಿ ಮೇಲಿನ ಓಣಿಯವನೊಬ್ಬನ ಕ್ಯಾನು ಬಡಿದು ಕೆಳಗಿನ ಓಣಿಯ ಕ್ಷೌರಿಕನ ಮೊಣಕೈ ಮುರಿಯಿತು.

"ಏನಮ್ಮಾ ಸೂಕ್ಷ್ಮದರ್ಶಕ," ಎಂದ ಅವನು ಬ್ಯಾಂಡೇಜಿನ ಕೈ ಎತ್ತಿ, "ಕಣ್ಣಿಗೆ ಕಾಣದ ಹುಳ ಕಾಣ್ತು ನಿಂಗೆ. ಇಷ್ಟು ದೊಡ್ಡ ಕೈ ಕಾಣ್ಲಿಲ್ವಾ?"

ನಲ್ಲಿಯ ಉಸ್ತುವಾರಿ ನೋಡುತ್ತಿದ್ದ ನನ್ನ ಅತ್ತೆ ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ಗುರುವಾರ ಪಾತ್ರೆ ತೊಳೆಯುವಾಗ ನನ್ನ ತಪ್ಪು ನೆನಪಾಯಿತು. ಮಾದರಿ ತೆಗೆಯುವ ಮೊದಲು ನಲ್ಲಿಯ ಬಾಯಿಗೆ ಏನಿದ್ದರೂ ತೆಗೆದು, ಹೊರಗಿನ ಕ್ರಿಮಿ ಸಾಯುವಂತೆ ಬೆಂಕಿ ತಾಗಿಸಿ, ಎರಡು ನಿಮಿಷ ನೀರು ಹರಿಯಬಿಡಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ಪಾಠ. ನಮ್ಮ ನಲ್ಲಿಯ ಬಾಯಿಗೆ ಅತ್ತೆ ಸೋಸಲೆಂದು ಬಟ್ಟೆ ಕಟ್ಟಿದ್ದರು. ನಾನು ಅದರ ಮೂಲಕವೇ ಸೀಸೆ ತುಂಬಿಸಿದ್ದೆ. ಬಿಚ್ಚಲು ಕೈ ಬಂದಿರಲಿಲ್ಲ. ಅದು ಚರ್ಚಿನೊಳಗೆ ದೇವರ ಮೇಜಿನ ಮೇಲೆ ಹಾಸುತ್ತಿದ್ದ ಹಳೆಯ ಬಟ್ಟೆ.

ಹಾಗಾಗಿ ಶುಕ್ರವಾರ ಪಾದ್ರಿಯಿಂದ ಬೀಗ ತೆಗೆಸಿ ಎರಡು ಸೀಸೆ ತುಂಬಿಸಿದೆ: ಮೊದಲು ಬಟ್ಟೆಯ ಮೂಲಕ ಒಂದು, ಅದನ್ನು ಬಿಚ್ಚಿ ಬೆಂಕಿ ತಾಗಿಸಿ ಇನ್ನೊಂದು. ಎರಡರಲ್ಲೂ ಚುಕ್ಕೆ ಬಂದರೆ ಬಾವಿಯೇ ಕೆಟ್ಟಿದೆ, ನಲ್ಲಿ ಮುಗಿಯಿತು. ಮೊದಲನೆಯದರಲ್ಲಿ ಮಾತ್ರ ಬಂದರೆ ಕೊಳೆ ಬಟ್ಟೆಯದು, ಅತ್ತೆಗೆ ಹೇಳಬೇಕು. ಯಾವುದನ್ನು ಬಯಸಲಿ?

ಮೂರಕ್ಕೆ ಬಾಗಿಲು ತೆಗೆದೆ. ಬಟ್ಟೆಯ ಪ್ಲೇಟಿನಲ್ಲಿ ಅರವತ್ತೆರಡು ನೀಲಿ ಚುಕ್ಕೆ. ಇನ್ನೊಂದರಲ್ಲಿ ಒಂದೂ ಇಲ್ಲ. ಮೂರು ಸಲ ಎಣಿಸಿದೆ, ಸೊನ್ನೆಯನ್ನೂ.

ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು.

"ದೇವರ ಮೇಜಿನ ಬಟ್ಟೆ ಕಣೇ. ಹಳೇದಾಯ್ತು ಅಂತ ಕಾಲೊರೆಸೋಕೆ ಹಾಕ್ಲಾ? ಎಲ್ರಿಗೂ ಉಪಯೋಗ ಆಗ್ಲಿ ಅಂತ ಕಟ್ಟಿದೆ."

"ನೂರು ಕೈ ಮುಟ್ಟುತ್ತೆ ಅತ್ತೆ. ಯಾವಾಗ್ಲೂ ಒದ್ದೆ."

"ನೀನ್ಯಾಕೆ ಅವತ್ತೇ ಬಿಚ್ಚಲಿಲ್ಲ?"

"ಧೈರ್ಯ ಬರ್ಲಿಲ್ಲ."

ಅವರು ನನ್ನನ್ನು ದಿಟ್ಟಿಸಿದರು. "ಸೈನ್ಸ್ ಓದಿದೋಳು!" ನಾಲ್ಕು ದಿನಕ್ಕೆ ಅದೇ ಮೊದಲ ನಗು. ಮರುಗಳಿಗೆಯೇ ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಮಕ್ಕಳು ಈಗ ಹೇಗಿವೆ?"

"ಗುಣ ಆಗಿವೆ."

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ನಲ್ಲಿಯ ಬೀಗ ತೆಗೆದರು. ಎರಡೂ ಓಣಿಯವರು ಸೇರಿದ್ದರು. ಬಾವಿಯ ನೀರು ಶುದ್ಧವಿದೆ, ಮೊದಲ ಮಾದರಿ ತೆಗೆದದ್ದರಲ್ಲಿ ತಪ್ಪು ನನ್ನದು ಎಂದೆ. "ಬಟ್ಟೆ ಕಟ್ಟಿದ್ದು ನಾನು," ಎಂದರು ಅತ್ತೆ, ಯಾರೂ ಕೇಳದಿದ್ದರೂ.

"ಹಂಗಾದ್ರೆ ನನ್ನ ಕೈ ಮುರಿದದ್ದು ಯಾವ ಲೆಕ್ಕಕ್ಕೆ?" ಎಂದ ಕ್ಷೌರಿಕ.

ಯಾರೂ ಕ್ಯಾನು ಕೆಳಗಿಡಲಿಲ್ಲ. ಎಲ್ಲರೂ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಎದುರಿನ ಓಣಿಯವರ ಕೈ ನೋಡುತ್ತ ನಿಂತರು. ನಾಲ್ಕೇ ದಿನ ಸಾಕಾಗಿತ್ತು.

ಅತ್ತೆ ಮುಂದೆ ಹೋಗಿ ತಮ್ಮ ಕ್ಯಾನನ್ನು ನಲ್ಲಿಯ ಕೆಳಗಿಟ್ಟರು. ತುಂಬಿಸಲಿಲ್ಲ. ನನ್ನ ರಟ್ಟೆ ಹಿಡಿದು ಮನೆಯ ಕಡೆ ಹೊರಟರು.

ಹತ್ತು ಹೆಜ್ಜೆ. ಹದಿನೈದು. ಹಿಂದೆ ನಲ್ಲಿ ತಿರುಗಿಸಿದ ಸದ್ದಿಲ್ಲ. ನನ್ನ ಕುತ್ತಿಗೆ ತಾನಾಗಿ ಹೊರಳತೊಡಗಿತು.

"ನೋಡ್ಬೇಡ," ಎಂದರು ಅತ್ತೆ. "ನೋಡಿದ್ರೆ ಅದು ಕಾವಲಾಗುತ್ತೆ."

ಇಪ್ಪತ್ತೆರಡನೆಯ ಹೆಜ್ಜೆಗೆ ಖಾಲಿ ಕ್ಯಾನಿನ ತಳಕ್ಕೆ ನೀರು ಬೀಳುವ ಸದ್ದು ಕೇಳಿತು. ರಟ್ಟೆಯ ಮೇಲಿದ್ದ ಅತ್ತೆಯ ಹಿಡಿತ ಮಾತ್ರ ಸಡಿಲಾಗಲಿಲ್ಲ.