ಅಪ್ಪನ ಕಿವಿ

ಇಡೀ ಜೀವಮಾನ ಇಂಜಿನ್ನುಗಳ ಪಕ್ಕದಲ್ಲೇ ಕಳೆದ ಅಪ್ಪನಿಗೆ ಈಗ ಕಿರುಚಿದರಷ್ಟೇ ಕೇಳಿಸುತ್ತಿತ್ತು. ಆದರೂ ರಿಪೇರಿ ಅಂಗಡಿ ನಡೆಯುತ್ತಿದ್ದುದು ಮಗಳು ಪುಟ್ಟಿಯ ದೆಸೆಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿಕೊಂಡು, ಇನ್ನೊಂದು ಕೈಯಿಂದ ಅವಳು ಅಪ್ಪನ ಮಣಿಕಟ್ಟು ಹಿಡಿಯುವಳು. ಸದ್ದು ಸರಿಯಿದ್ದರೆ ಒಂದು ಒತ್ತು, ಒಳಗೇನೋ ಕೆಟ್ಟಿದ್ದರೆ ಎರಡು. ನಾಲ್ಕು ಜನರೆದುರು ಬಾಯಿ ಬಿಡಲಾರದ ಹುಡುಗಿಗೆ ಅದಕ್ಕಿಂತ ಹಿತವಾದ ಮಾತು ಬೇರೆ ಇರಲಿಲ್ಲ.

ಹೀಗಿರುವಾಗ ಅಣ್ಣನ ಕೈಹಿಡಿದು ಅತ್ತಿಗೆ ಮನೆಗೆ ಬಂದಳು, ಅಂಗಡಿಯ ಕೆಲಸಕ್ಕೂ ಇಳಿದಳು. ಗ್ರೀಸ್ ಮೆತ್ತಿದ ಕೈಯಲ್ಲೇ ಮೂಗೊರೆಸಿಕೊಂಡು ನಗುವವಳು. ಅಪ್ಪ ಅವಳನ್ನು ‘ತಾಯಿ’ ಎನ್ನತೊಡಗಿದರು. ಪುಟ್ಟಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳಲು ಅಷ್ಟು ಸಾಕಿತ್ತು.

ಒಂದು ಬೆಳಿಗ್ಗೆ ಸಸಿ ಮಾರುವ ಹೆಂಗಸು ತನ್ನ ಪಂಪಿನ ಇಂಜಿನ್ ತಂದು ಕುಕ್ಕಿದಳು. “ನೀರೆತ್ತೋ ಮೆಷಿನ್ ಅಂತ ತಗೊಂಡೆ, ಸೊಳ್ಳೆ ಓಡ್ಸೋ ಮೆಷಿನ್ ಆಗಿದೆ ನೋಡಿ. ಹೊಗೆಯೋ ಹೊಗೆ! ಆಯಿಲ್ ಬೇರೆ, ಹಾಕಿದಷ್ಟೂ ಗುಳುಂ!”

ಪುಟ್ಟಿ ಸ್ಕ್ರೂಡ್ರೈವರಿಗೆ ಕೈಚಾಚುವಷ್ಟರಲ್ಲಿ ಅಪ್ಪ ಅದನ್ನೆತ್ತಿ ಸೊಸೆಯ ಕೈಗಿತ್ತರು. “ತಗೋ ತಾಯಿ, ಇವತ್ತು ನೀನು ಕೇಳು.”

ಅತ್ತಿಗೆ ಕಿವಿಗೊಟ್ಟಳು. ಆಮೇಲೆ ಇಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ, ತೂತಿನೊಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು, ಮತ್ತೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡುವ ಹಗ್ಗ ಎಳೆದಳು. ಸಡಿಲವಾಗಿ ಬರುತ್ತಿದ್ದ ಹಗ್ಗ ಬಿಗಿಯಿತು.

“ಮಾವಾ, ಆಯಿಲ್ ಬಿದ್ದ ತಕ್ಷಣ ಬಿಗಿ ಬಂತು! ವಾಲ್ವ್ ಅಲ್ಲ, ಪಿಸ್ಟನ್ ಸುತ್ತಲಿನ ರಿಂಗ್ ಸವೆದಿರೋದು!”

ಅವಳ ಮಾತು ಸರಿಯಾಗಿತ್ತು. ಪುಟ್ಟಿಗೆ ನುಂಗಲಾರದ ತುತ್ತಾದದ್ದೇ ಅದು.

ಇಂಜಿನ್ ಬಿಚ್ಚಿದರು. ಪಿಸ್ಟನ್ ಓಡಾಡುವ ಬೋರು ಸವೆದಿದೆಯೇ ಎಂದು ನೋಡಬೇಕಿತ್ತು. ಅತ್ತಿಗೆ ಹೊಸ ರಿಂಗೊಂದನ್ನು ಬೋರಿನೊಳಗೆ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದಿಗೆ ಗೇಜಿನ ತೆಳು ಪಟ್ಟಿ ತೂರಿಸಿದಳು. ಬೋರು ಸವೆದಷ್ಟೂ ಆ ಸಂದಿ ಅಗಲವಾಗುತ್ತದೆ; ಪಟ್ಟಿ ಬಿಗಿಯಾಗಿಯೇ ಕೂತಿತು. “ಬೋರು ಚೆನ್ನಾಗಿದೆ ಮಾವಾ, ರಿಂಗ್ ಬದಲಾಯಿಸಿದ್ರೆ ಸಾಕು!”

ಆದರೆ ಅವಳು ರಿಂಗನ್ನು ತೀರಾ ಕೆಳಕ್ಕೆ ತಳ್ಳಿದ್ದಳು. ಓಡುವಾಗ ರಿಂಗು ಅಲ್ಲಿಗೆ ತಲುಪುವುದೇ ಇಲ್ಲ, ಸವೆಯುವುದೆಲ್ಲಿಂದ? ಬೋರು ಹೆಚ್ಚು ಸವೆಯುವುದು ಮೇಲ್ತುದಿಯ ಹತ್ತಿರ, ಬೆಂಕಿ ಹೊತ್ತುವ ಕಡೆ. ಪುಟ್ಟಿಗೆ ಕಂಡಿತು. ತುಟಿಪಿಟಕ್ಕೆನ್ನಲಿಲ್ಲ. ಒಂದು ಸಲ ಮುಗ್ಗರಿಸಲಿ ಮಹಾರಾಣಿ!

ಮಧ್ಯಾಹ್ನ ಹೊಸ ರಿಂಗು ಹಾಕಿಸಿಕೊಂಡ ಇಂಜಿನ್ ಗುಡುಗುಟ್ಟಿತು. ನೀಲಿ ಹೊಗೆ.

“ಹೊಸ ರಿಂಗಲ್ವಾ, ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು” ಎಂದಳು ಅತ್ತಿಗೆ. ಕಾದರು. ಹೊಗೆ ನಿಲ್ಲಲಿಲ್ಲ.

“ಮೊದಲು ಹಳೇ ಹೊಗೆ, ಈಗ ಹೊಸಾ ಹೊಗೆ” ಎಂದು ಸಸಿ ಮಾರುವವಳು ಮೂತಿ ತಿರುವಿದಳು. ಅತ್ತಿಗೆಯ ಮುಖ ಹುಳ್ಳಗಾಯಿತು.

ಪುಟ್ಟಿಗೆ ಸ್ವರ್ಗಕ್ಕೆ ಮೂರೇ ಗೇಣು. ಮುಂದೆ ಬಂದು ಅಪ್ಪನ ಮಣಿಕಟ್ಟಿಗೆ ಕೈಹಾಕಿದಳು. ಅಪ್ಪ ಕೈ ಎಳೆದುಕೊಂಡರು.

“ಅವಳು ಅಳೀತಿದ್ದಾಗ ನಿನ್ನ ಬೆರಳು ಬೆಂಚನ್ನ ಎರಡು ಸಲ ಒತ್ತಿತು. ನಂಗೆ ಕಿವಿ ಹೋಗಿದೆ ಪುಟ್ಟಿ, ಕಣ್ಣಲ್ಲ.”

ಪುಟ್ಟಿಗೆ ಅದು ಗೊತ್ತೇ ಇರಲಿಲ್ಲ. ಬೆರಳು ತನ್ನಷ್ಟಕ್ಕೆ ಮಾಡಿದ ಕೆಲಸ. “ಮತ್ತೆ ನೀನ್ಯಾಕೆ ಸುಮ್ನಿದ್ದೆ ಅಪ್ಪಾ?” ಎಂದು ಕೂಗಿ ಕೇಳಿದಳು.

“ನೀನು ಹೇಳ್ತೀಯೇನೋ ಅಂತ ಕಾದೆ. ಕೆಲಸಕ್ಕೆ ಬಾರದ ಕಿವಿ ನನ್ನ ಹತ್ರಾನೇ ಎರಡಿವೆ, ಮೂರನೇದು ಯಾಕಮ್ಮ ನಂಗೆ?”

ಮತ್ತೆ ಇಂಜಿನ್ ಬಿಚ್ಚಿದರು. ಪುಟ್ಟಿ ತಲೆಯೆತ್ತದೆ ರಿಂಗನ್ನು ಬೋರಿನ ಮೇಲ್ತುದಿಯ ಹತ್ತಿರ ಕೂರಿಸಿದಳು. “ಇಲ್ಲಿ ಅಳೀಬೇಕು ಅತ್ತಿಗೆ.”

ಈ ಸಲ ಅತ್ತಿಗೆ ಎರಡು ಪಟ್ಟಿ ಒಟ್ಟಿಗೆ ತೂರಿಸಿದರೂ ಸಂದಿ ಇನ್ನೂ ಉಳಿಯಿತು. “ಅಯ್ಯೋ, ಇದರ ಬೋರನ್ನ ಅಗಲ ಕೊರೆಸಿ ದಪ್ಪ ಪಿಸ್ಟನ್ನೇ ಹಾಕ್ಬೇಕು! ಆಗ್ಲೇ ಹೇಳ್ಬಾರ್ದಿತ್ತಾ ಪುಟ್ಟಿ?”

“ಹೇಳ್ಬೇಕಿತ್ತು.”

ಅತ್ತಿಗೆ ಎಷ್ಟು ಬೇಗ ಕಲಿತುಬಿಟ್ಟಳು! ಹೊಟ್ಟೆಯ ಕಿಚ್ಚು ಮತ್ತೆ ಭುಗಿಲೆಂದಿತು.

“ಏನಂತೆ?” ಎಂದು ಅಪ್ಪ ಮಣಿಕಟ್ಟು ಚಾಚಿದರು. ಯಾರ ಕಡೆಗೆಂದು ಇಬ್ಬರಿಗೂ ತಿಳಿಯಲಿಲ್ಲ. ಅತ್ತಿಗೆಯ ಕೈಗಿಂತ ಮೊದಲು ಪುಟ್ಟಿಯ ಕೈ ಅಲ್ಲಿತ್ತು. ಎರಡು ಸಲ ಒತ್ತಿದಳು. ಅದೂ ಸಾಲದೆನಿಸಿ, ಸಸಿ ಮಾರುವವಳು ಬೆಚ್ಚಿ ತಿರುಗುವಂತೆ ಕಿರುಚಿದಳು:

“ಬೋರು ಸವೆದಿದೆ ಅಪ್ಪಾ!”