ಎರಡು ಬಾಡಿದ ತೊಗರಿ ಗಿಡ

ಬೇವಿನ ಬೀಜದ ಕಹಿ ವಾಸನೆ ಎಂದರೆ ಕಸ್ತೂರಬಾಯಿಗೆ ತವರಿನ ಪಡಸಾಲೆ. ಅವ್ವ ಒರಳಿನಲ್ಲಿ ಬೀಜ ಕುಟ್ಟಲು ಕೂತರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಹುಡುಗಿ ಆಕೆ. ಈ ಸಲ ಬಿತ್ತನೆಗೆ ಮುಂಚೆ ಅದೇ ವಾಸನೆಯನ್ನು ದಾಳಿಂಬ ಊರಿನ ತನ್ನ ತೊಗರಿ ಹೊಲಕ್ಕೆಲ್ಲ ಹರಡಿದ್ದಳು. ಬೇವಿನ ಹಿಂಡಿ, ಜೊತೆಗೆ ಕುರಿಗಾರ ಮಲ್ಲಣ್ಣ ಕೊಟ್ಟ, ತಿಪ್ಪೆಯಲ್ಲಿ ನಾಲ್ಕು ತಿಂಗಳು ಕಳಿತ ಕುರಿಗೊಬ್ಬರ. ಪರೀಕ್ಷೆಗೆಂದು ನಾಲ್ಕು ಸಾಲಿಗೆ ಮಾತ್ರ ಏನೂ ಹಾಕಿರಲಿಲ್ಲ.

ಮೂರು ವರ್ಷದಿಂದ ನೆಟೆ ರೋಗ ಆ ಹೊಲವನ್ನು ಬಿಟ್ಟಿರಲಿಲ್ಲ. ಹೂವಾಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತಿತ್ತು. ತವರಿನಿಂದ ತಂದು ಕಾಪಾಡಿದ ತೊಗರಿ ಬೀಜದಲ್ಲಿ ಉಳಿದಿದ್ದೆಲ್ಲ ಈಗ ಈ ನೆಲದಲ್ಲೇ ಇತ್ತು. "ಈ ವರ್ಷನೂ ಒಣಗಿದ್ರ ಮುಂದ ಇಲ್ಲಿ ಬರೇ ಸೋಯಾಬೀನ್" ಎಂದು ಭಾವ ಮನ್ಮಥಪ್ಪ ಹೇಳಿಬಿಟ್ಟಿದ್ದರು.

ಈ ಸಲ ಹೂವಾಡುವ ಹೊತ್ತಿಗೆ ಗೊಬ್ಬರ ಕಾಣದ ನಾಲ್ಕು ಸಾಲು ಒಣಗಿದ್ದವು. ಉಳಿದದ್ದೆಲ್ಲ ಹಳದಿ ಹೂವು. ಆದರೆ ಆ ಬೆಳಿಗ್ಗೆ ಬದುವಿನ ಪಕ್ಕ, ಗೊಬ್ಬರ ಹಾಕಿದ ಕಡೆಯೇ, ಎರಡು ಗಿಡ ತಲೆ ಜೋಲು ಹಾಕಿದ್ದವು.

"ನೋಡವಾ, ಬಂತು!" ಎಂದರು ಮನ್ಮಥಪ್ಪ. "ರೋಗಕ್ಕ ಹಿಂಡಿ ತಿನಿಸಿ ಬೆಳಸೀದಿ ನೀ!"

ಕಸ್ತೂರಬಾಯಿ ಬಾಡಿದ ಗಿಡದ ಹತ್ತಿರ ಕೂತಳು. ಕುಡಗೋಲಿನಿಂದ ಗಿಡದ ಬುಡವನ್ನು ಉದ್ದಕ್ಕೆ ಸೀಳಿದಳು. ನೆಟೆ ರೋಗವಾಗಿದ್ದರೆ ಸಿಪ್ಪೆಯ ಕೆಳಗೆ ಕಪ್ಪು ಗೆರೆ ಇರಬೇಕು. ಇರಲಿಲ್ಲ. ಇನ್ನೊಂದನ್ನು ಸೀಳಿದಳು. ಅದೂ ಹಾಲಿನಂತೆ ಬಿಳುಪು!

"ಭಾವ್ಜಿ, ಇಲ್ಲಿ ನೋಡ್ರಿ! ಕರೀ ಗೆರಿ ಇಲ್ಲ!"

"ಮತ್ತ ಬಾಡ್ಯಾವ ಯಾಕ?"

ಕಾಂಡದ ಮೇಲೆ ಹಗ್ಗ ಉಜ್ಜಿದ ಗುರುತಿತ್ತು, ಬೇರು ಸಡಿಲಾಗಿತ್ತು. ಬದುವಿನ ಮೇಲೆ ಕುರಿ ಮೇಯಿಸುತ್ತಿದ್ದ ಮಲ್ಲಣ್ಣ ಕೆಮ್ಮಿದ.

"ತಪ್ಪಾತ್ರಿ ಅಕ್ಕಾರ. ಮೊನ್ನಿ ಇವಕ್ಕ ಕುರಿಮರಿ ಕಟ್ಟಿದ್ದೆ. ಬೀರಪ್ಪನ ಆಣಿ, ಅದು ಇಷ್ಟು ಜಗ್ಗಾಡ್ತದಂತ ಗೊತ್ತಿರಲಿಲ್ರಿ."

"ಗೊಬ್ಬರ ಕೊಟ್ಟು ಬದುಕಸ್ತಿ, ಮರಿ ಕಟ್ಟಿ ಸಾಯಸ್ತಿ! ಎಂಥಾ ಮನಷ್ಯಾಪಾ ನೀ!" ಮನ್ಮಥಪ್ಪ ನಕ್ಕೇಬಿಟ್ಟರು. ಆದರೂ ನಂಬಿಕೆ ಸಾಲದೆ ಕುಡಗೋಲು ಕಸಿದುಕೊಂಡು ಒಣಗಿದ ಸಾಲಿಗೆ ಹೋಗಿ ಸೀಳಿದರು. ಕಪ್ಪು ಗೆರೆ. ಹಸಿರು ಸಾಲಿಗೆ ಓಡಿ ಒಂದನ್ನು ಸೀಳಿದರು. ಬಿಳುಪು. ಇನ್ನೊಂದು. ಬಿಳುಪು!

"ಸಾಕ್ರಿ ಭಾವ್ಜಿ! ಬೀಜಕ್ಕಾದ್ರೂ ನಾಕು ಗಿಡ ಉಳಸ್ರಿ!"

ಮನ್ಮಥಪ್ಪ ಆಗಲೇ ಫೋನು ಹಿಡಿದು ನಿಲಂಗಾದ ಬೀಗರಿಗೆ ಕೂಗುತ್ತಿದ್ದರು. "ಬೀಜ ಬೇಕಾದ್ರ ಈಗೇ ಹೇಳಿಡ್ರಿ! ಸೋಯಾಬೀನಾ? ಯಾರ್ ಅಂದಾರ ಸೋಯಾಬೀನಂತ?"

ಆ ಗದ್ದಲದಲ್ಲಿ ಮಲ್ಲಣ್ಣ ಒಬ್ಬನೇ ತಲೆ ತಗ್ಗಿಸಿ ನಿಂತಿದ್ದ. ಹೊತ್ತು ಇಷ್ಟು ಏರಿದರೂ ಆತನಿಗೆ ಬುತ್ತಿ ಬಂದಿರಲಿಲ್ಲ. ಕಸ್ತೂರಬಾಯಿ ಬದುವಿಗೆ ನಡೆದು, ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿದ್ದ ತನ್ನ ಗಂಟನ್ನು ಆತನ ಕೈಗಿಟ್ಟಳು.